ಹಲ್ಲಕ್ಕ ಗಂಡನನ್ನು ನೋಡಲು ಹೋದದ್ದು

ಅವಳನ್ನು ಎಲ್ಲರೂ ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳ ಹಲ್ಲಿಗೇನೂ ಊನವಿರಲಿಲ್ಲ. ಹಲ್ಲಿನ ಸೆಟ್ಟು ಕಟ್ಟುವುದು ಅವಳ ಕಸುಬು. ಪೇಟೆಯ ಹಿಂದಿನ ಬೀದಿಯ ಮಹಡಿಯೊಂದರಲ್ಲಿ ದಂತವೈದ್ಯರು ಕಳಿಸಿಕೊಡುವ ಬಾಯಿಯ ಅಚ್ಚುಗಳಿಗೆ ಪ್ಲಾಸ್ಟರ್ ಹೊಯ್ದು, ಮೇಣದ ಒಸಡಿನಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಮೇಲಿನ ಸಾಲು ಕೆಳಗಿನ ಸಾಲಿಗೆ ಸರಿಯಾಗಿ ಕೂರುತ್ತದೋ ಎಂದು ಕಚ್ಚಿಸಿ ನೋಡುವುದರಲ್ಲೇ ಅವಳ ಪ್ರಾಯವೆಲ್ಲ ಸವೆದಿತ್ತು. ಸೆಟ್ಟು ಉಜ್ಜುವ ಮೋಟಾರಿನಿಂದ ಹಾರುವ ಗುಲಾಬಿ ಬಣ್ಣದ ಪುಡಿ ಅವಳ ಹುಬ್ಬಿನಲ್ಲಿ ಸದಾ ಕೂತಿರುತ್ತಿತ್ತು. “ನಾನು ಮಾಡಿದ ಹಲ್ಲಲ್ಲಿ ನಗೋರು ಊರ ತುಂಬ ಇದಾರೆ, ನನ್ನ ಮುಖ ನೋಡಿ ನಕ್ಕೋರು ಮಾತ್ರ ಒಬ್ರೂ ಇಲ್ಲ” ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಮದುವೆಯ ಮಾತೆತ್ತುವವರ ಬಾಯಿ ಮುಚ್ಚಿಸುವುದಕ್ಕೂ ಅದೇ ಮಾತು.

ಆಮೇಲೆ ಒಬ್ಬ ನಕ್ಕ. ಲಿಫ್ಟ್ ರಿಪೇರಿಯವನು, ಹೊರದೇಶದ ಕಂಪನಿಯೊಂದರಲ್ಲಿ ಕೆಲಸ, ರಜೆಗೆ ಬಂದಿದ್ದ. ತಾಯಿಯ ಹೊಸ ಹಲ್ಲು ಮಾತಾಡಿದರೆ ಟಕ ಟಕ ಅನ್ನುತ್ತದೆ ಎಂದು ದೂರು ಹೊತ್ತು ಬಂದ. ತಿದ್ದಿ ಕೊಟ್ಟಳು. ಮತ್ತೆ ತಂದ. ಮತ್ತೆ ತಿದ್ದಿದಳು. ಮಗದೊಮ್ಮೆ ಬಂದು ನಿಂತಾಗ ಅವಳಿಗೆ ರೇಗಿತು.

“ನಿಮ್ಮಮ್ಮನ್ನೇ ಕರ್ಕೊಂಡು ಬನ್ನಿ. ಕಚ್ಚಿ ನೋಡ್ಬೇಕಾದ್ದು ಅವರು, ನೀವಲ್ಲ.”

“ಅಮ್ಮಂಗೆ ಹೋದ ಸಲಾನೇ ಸರಿಹೋಯ್ತು.”

“ಮತ್ತೆ ಯಾಕೆ ತಂದ್ರಿ?”

“ಅಮ್ಮ ಮಲಗಿದ್ರು. ಹಲ್ಲು ಲೋಟದಲ್ಲಿತ್ತು. ಎತ್ಕೊಂಡು ಬಂದೆ,” ಎಂದು ಅವನು ನೆಲ ನೋಡುತ್ತ ನಕ್ಕ. ಅತ್ತ ಮನೆಯಲ್ಲಿ ಮುದುಕಿ ಎದ್ದು, ಬರೀ ಬಾಯಲ್ಲಿ ಲೋಕವನ್ನೇ ಬೈಯುತ್ತಿದ್ದಳಂತೆ.

ಹೀಗೆ ಕೂಡಿಬಂತು. ಇಬ್ಬರಿಗೂ ವಯಸ್ಸು ದಾಟಿತ್ತು, ಆಡಂಬರ ಬೇಕಿರಲಿಲ್ಲ. ರಿಜಿಸ್ಟರ್ ಕಚೇರಿಯಲ್ಲಿ ಸಹಿ ಹಾಕಿ, ಒಟ್ಟಿಗೆ ಊಟ ಮಾಡಿ, ರಜೆ ಮುಗಿಯುವವರೆಗೆ ಒಂದೇ ಸೂರಿನಡಿ ಇದ್ದರು. ಅವನು ವಾಪಸು ಹೋಗುವಾಗ ಹೇಳಿದ್ದು ಇಷ್ಟೇ: “ವೀಸಾಕ್ಕೆ ಅರ್ಜಿ ಹಾಕಿದೀವಲ್ಲ, ಹಿಂದೇನೇ ಬರ್ತೀಯ.”

ಹಿಂದೆಯೇ ಬರುವುದು ಅಷ್ಟು ಸುಲಭವಿರಲಿಲ್ಲ. ಹೆಂಡತಿಯನ್ನು ಕರೆಸಿಕೊಳ್ಳುವ ಆ ವೀಸಾಕ್ಕೆ ಒಂದು ಕಟ್ಟುಪಾಡು: ಗಂಡನ ಸಂಬಳ ಇಂತಿಷ್ಟಕ್ಕಿಂತ ಕಡಿಮೆಯಿರಬಾರದು, ಮತ್ತು ತೀರ್ಮಾನ ಆಗುವ ದಿನದವರೆಗೆ ಒಂದು ತಿಂಗಳೂ ತಪ್ಪಬಾರದು. ಲಿಫ್ಟಿನವನ ಸಂಬಳ ಆ ಗೆರೆಗೆ ಒಂದು ಕೂದಲೆಳೆ ಮೇಲಿತ್ತು. ಋತು ಬದಲಾಯಿತು, ಮತ್ತೊಮ್ಮೆ ಬದಲಾಯಿತು. ಅರ್ಜಿ ತುಂಬಿಕೊಟ್ಟ ಏಜೆಂಟ್ ಪ್ರತಿ ಸಲವೂ ಕಂಪ್ಯೂಟರಿನ ಪರದೆಯನ್ನು ಅವಳ ಕಡೆ ತಿರುಗಿಸಿ, “ಪರಿಶೀಲನೆಯಲ್ಲಿದೆ, ನೋಡಿ” ಅನ್ನುತ್ತಿದ್ದ, ಹುಟ್ಟುವ ಕೂಸಿನ ವಿಷಯ ಹೇಳುವವನಂತೆ. “ದೇವರು ವರ ಕೊಟ್ರೂ ಪೂಜಾರಿ ಕೊಡಲ್ಲ ಅನ್ನೋ ಹಾಗಾಯ್ತು,” ಎಂದು ಅವಳ ತಾಯಿ ದಿನಕ್ಕೊಮ್ಮೆ ನಿಟ್ಟುಸಿರು ಬಿಡುತ್ತಿದ್ದಳು.

ಇಷ್ಟರಲ್ಲಿ ಗಂಡ ಫೋನು ಮಾಡುವ ರೀತಿ ಬದಲಾಯಿತು. ಮುಖ ತೋರಿಸಿ ಮಾತಾಡುತ್ತಿದ್ದವನು ಬರೀ ದನಿಗೆ ಇಳಿದ. ನೆಟ್ ಸರಿಯಿಲ್ಲ ಅಂದ. ಕ್ಯಾಮರಾ ಕೆಟ್ಟಿದೆ ಅಂದ. ದನಿಯೂ ಗಿಡ್ಡವಾಯಿತು; ಹಲ್ಲು ಕಚ್ಚಿಕೊಂಡು ಆಡಿದ ಹಾಗೆ ಮಾತು. ಒಂದು ದಿನ ಬಲವಂತ ಮಾಡಿ ಮುಖ ನೋಡಿದಳು. ಕೆನ್ನೆಯ ಮೂಳೆ ಎದ್ದಿತ್ತು, ಗಡ್ಡ ಒಂದೇ ಕಡೆ ಹೆರೆದ ಹಾಗೆ ಅಡ್ಡಾದಿಡ್ಡಿ ಬೋಳಿಸಿಕೊಂಡಿದ್ದ.

“ಏನಾಗಿದೆ ನಿಮಗೆ?”

“ಏನಾಗಬೇಕು? ಕೆಲಸ ಜಾಸ್ತಿ.”

ತಾಯಿ ಈರುಳ್ಳಿ ಹೆಚ್ಚುತ್ತ ಕೂತಿದ್ದವಳು ತಲೆ ಎತ್ತದೆಯೇ ಅಂದಳು, “ಗಂಡಸು ಮುಖ ತಪ್ಪಿಸ್ತಾನೆ ಅಂದ್ರೆ ಅಲ್ಲಿ ಇನ್ನೊಂದು ಮುಖ ಇದೆ ಅಂತ ಅರ್ಥ.”

ಆ ಮಾತು ಹಲ್ಲಕ್ಕನ ತಲೆಯಲ್ಲಿ ಕೂತುಬಿಟ್ಟಿತು. ಕೆಲಸದಲ್ಲಿ ಕೈ ಓಡಲಿಲ್ಲ. ಒಂದು ಸೆಟ್ಟಿಗೆ ಕೋರೆಹಲ್ಲು ತಿರುಗುಮುರುಗಾಗಿ ಕೂರಿಸಿದಳು, ಅಂಗಡಿಯ ಯಜಮಾನ ಅದನ್ನು ಕೈಯಲ್ಲಿ ಹಿಡಿದು, “ಏನಮ್ಮಾ, ಇದು ಮನುಷ್ಯರಿಗಾ, ನರಿಗಾ?” ಎಂದ. ಹತ್ತಿರ ಬಂದು ಮೆಲ್ಲಗೆ, “ಹೋಗಿ ನೋಡ್ಕೊಂಡು ಬಾ. ನಿನ್ನ ಜಾಗಕ್ಕೆ ಯಾರೂ ಬರಲ್ಲ” ಎಂದೂ ಸೇರಿಸಿದ. ಅವನೇ ಹಾಗೆಂದು ಬರೆದೂ ಕೊಟ್ಟ.

ಏಜೆಂಟ್ ಮಾತ್ರ ತಲೆಗೆ ಕೈ ಹಚ್ಚಿದ. “ಮದುವೆ ವೀಸಾ ಬಾಕಿ ಇರೋವಾಗ ವಿಸಿಟ್ ವೀಸಾ ಕೇಳೋದು ಅಂದ್ರೆ ಮಲಗಿರೋ ಹುಲೀನ ಎಬ್ಬಿಸಿದ ಹಾಗೆ ಕಣ್ರೀ. ಇವಳು ಬಂದ್ರೆ ವಾಪಸು ಹೋಗಲ್ಲ ಅಂತಾರೆ. ಒಂದು ದಿನ ಹೆಚ್ಚು ಉಳಿದ್ರೂ ಮುಗೀತು, ಎರಡೂ ಕೈಬಿಟ್ಟ ಹಾಗೇ.”

“ಉಳಿಯಲ್ಲ.”

“ಎಲ್ಲರೂ ಹಾಗೇ ಅಂತಾರೆ.”

“ನಾನು ಎಲ್ಲರ ಹಾಗಲ್ಲ,” ಅಂದಳು ಹಲ್ಲಕ್ಕ.

ಗಂಡನೂ ಬೇಡ ಅಂದ. ಮೊದಲು ಮೆತ್ತಗೆ, ಆಮೇಲೆ ಜೋರಾಗಿ, ಕೊನೆಗೆ ಅಳುವ ದನಿಯಲ್ಲಿ. ಅವನು ಬೇಡ ಅಂದಷ್ಟೂ ತಾಯಿಯ ಮಾತು ಬಲವಾಯಿತು. ವಿಸಿಟ್ ವೀಸಾ ಬಂದದ್ದು ಅವಳಿಗೂ ಆಶ್ಚರ್ಯ. ವಿಮಾನ ಹತ್ತಿ ಕೂತಾಗ ಅವಳ ಮನಸ್ಸಿನಲ್ಲಿದ್ದುದು ಪ್ರೀತಿಯಲ್ಲ. ಬಾಗಿಲು ತೆರೆದರೆ ಯಾರು ನಿಂತಿರುತ್ತಾರೆ, ಅವಳ ಮುಖ ಹೇಗಿರುತ್ತದೆ, ತಾನು ಮೊದಲು ಏನು ಅನ್ನಬೇಕು, ಅದನ್ನೇ ದಾರಿಯುದ್ದಕ್ಕೂ ಹೊಂದಿಸುತ್ತಿದ್ದಳು.

ಇಳಿದ ಮೇಲೆ ಗಾಜಿನ ಹಿಂದೆ ಕೂತಿದ್ದ ಅಧಿಕಾರಿಣಿ ಪಾಸ್‌ಪೋರ್ಟ್ ನೋಡಿದಳು, ಕಂಪ್ಯೂಟರ್ ನೋಡಿದಳು, ಎದ್ದು ಬಂದು ಪಕ್ಕದ ಕೋಣೆಗೆ ಕರೆದೊಯ್ದಳು. ಕಿಟಕಿಯಿಲ್ಲದ ಕೋಣೆ, ನೆಲಕ್ಕೆ ಬೋಲ್ಟ್ ಹಾಕಿದ ಕುರ್ಚಿಗಳು. ಹಲ್ಲಕ್ಕನಿಗೆ ಆ ಭಾಷೆ ಅಷ್ಟಿಷ್ಟು ಬರುತ್ತಿತ್ತು. ಭಯಕ್ಕೆ ಅದೂ ಮರೆತಿತ್ತು. ಫೋನಿನಲ್ಲಿ ದುಭಾಷಿಯೊಬ್ಬನನ್ನು ಕರೆದರು. ಅವನ ದನಿ ದೂರದ ಬಾವಿಯೊಳಗಿಂದ ಬಂದಂತಿತ್ತು.

“ನಿಮ್ಮ ಮದುವೆ ವೀಸಾ ಅರ್ಜಿ ಇನ್ನೂ ಇತ್ಯರ್ಥವಾಗಿಲ್ಲ. ಆದರೂ ಬಂದಿದ್ದೀರಿ. ಯಾಕೆ ಎಂದು ಕೇಳುತ್ತಿದ್ದಾರೆ.”

“ಗಂಡನ್ನ ನೋಡೋಕೆ.”

“ವಾಪಸು ಹೋಗುತ್ತೀರಿ ಎಂದು ಹೇಗೆ ನಂಬಬೇಕು ಎಂದು ಕೇಳುತ್ತಿದ್ದಾರೆ.”

ಹಲ್ಲಕ್ಕ ಯಜಮಾನ ಬರೆದುಕೊಟ್ಟದ್ದನ್ನು ತೋರಿಸಿದಳು, ವಾಪಸು ಟಿಕೆಟ್ ತೋರಿಸಿದಳು. ಅಧಿಕಾರಿಣಿಯ ಮುಖ ಸಡಿಲವಾಗಲಿಲ್ಲ. ಇನ್ನೇನೂ ತೋಚದೆ ಹಲ್ಲಕ್ಕ ಅಂದಳು: “ಅಲ್ಲಿ ನಾಲ್ಕು ಜನ ನನ್ನ ಕೈ ಕಾಯ್ತಾ ಗಂಜಿ ಕುಡೀತಿದ್ದಾರೆ. ಅವರ ಹಲ್ಲು ಅರ್ಧ ಆಗಿದೆ.”

ದುಭಾಷಿ ಅದನ್ನು ಆ ಭಾಷೆಗೆ ಹೇಗೆ ಹಾಕಿದನೋ. ಅಧಿಕಾರಿಣಿ ನಗಲಿಲ್ಲ, ಆದರೆ ಮುದ್ರೆ ಒತ್ತಿದಳು. ಪಾಸ್‌ಪೋರ್ಟಿನ ಮೇಲೆ ಹೊರಡಬೇಕಾದ ತಾರೀಖಿನ ಕೆಳಗೆ ಪೆನ್ನಿನಿಂದ ಗೆರೆ ಎಳೆದು, ಅದೇ ಪೆನ್ನನ್ನು ಹಲ್ಲಕ್ಕನ ಮುಖದೆದುರು ಒಮ್ಮೆ ಅಲ್ಲಾಡಿಸಿದಳು. ಅದಕ್ಕೆ ದುಭಾಷಿ ಬೇಕಾಗಲಿಲ್ಲ.

ಹೊರಗೆ ಅವಳ ಹೆಸರಿನ ರಟ್ಟು ಹಿಡಿದು ನಿಂತಿದ್ದವನು ಗಂಡನಲ್ಲ. ಒಂದೇ ಕೋಣೆಯಲ್ಲಿ ಅವನ ಜೊತೆಗಿರುವ ಅಡುಗೆಯವನು. ಆಫೀಸೊಂದರ ಕ್ಯಾಂಟೀನಿನಲ್ಲಿ ಕೆಲಸ, ದುಂಡುಮುಖ, ಬಿಡುವಿಲ್ಲದ ಬಾಯಿ.

“ಬನ್ನಿ ಅತ್ತಿಗೆ. ಅಣ್ಣಂಗೆ ರಜೆ ಸಿಗ್ಲಿಲ್ಲ. ನಾನೇ ಬಂದೆ. ಪ್ರಯಾಣ ಹೇಗಾಯ್ತು? ಚಳಿ ಇದೆ ಅಲ್ವಾ? ಬಸ್ಸು ಈ ಕಡೆ.” ಇಷ್ಟು ಮಾತಾಡಿದವನು ಗಂಡನ ಬಗ್ಗೆ ಕೇಳಿದರೆ ಮಾತ್ರ ಬಸ್ಸಿನ ಕಿಟಕಿಯಾಚೆ ನೋಡಿದ. ಹಲ್ಲಕ್ಕನ ಅನುಮಾನ ಇನ್ನಷ್ಟು ಬಲವಾಯಿತು.

ಕೋಣೆ ಹಳೆಯ ಕಟ್ಟಡವೊಂದರ ತುದಿಯಲ್ಲಿತ್ತು. ಎರಡು ಮಂಚ, ನಡುವೆ ಹಗ್ಗಕ್ಕೆ ನೇತುಹಾಕಿದ ಬೆಡ್‌ಶೀಟು, ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದ ಕಾಲುಚೀಲ. ಅಡುಗೆಯವನು ತನ್ನ ಹಾಸಿಗೆ ಸುತ್ತಿಕೊಂಡು ಸ್ನೇಹಿತನ ಕೋಣೆಗೆ ಹೊರಡುವ ಸಿದ್ಧತೆಯಲ್ಲಿದ್ದ. ಹೆಣ್ಣಿನ ಸುಳಿವು ಎಲ್ಲಿಯೂ ಇರಲಿಲ್ಲ. ಬಚ್ಚಲಿನ ಕನ್ನಡಿಯ ಹಿಂದೆ ಅವಳು ನೋಡಿದ್ದು ಹತ್ತಿ, ಗಾಜ್ ಬಟ್ಟೆ, ನೋವಿನ ಮಾತ್ರೆಯ ಖಾಲಿ ಹಾಳೆಗಳು. ಅಷ್ಟೊಂದು ಹಾಳೆಗಳು.

ಸಂಜೆಯ ಬೆಳಕು ಇನ್ನೂ ಇರುವಾಗಲೇ ಗಂಡ ಬಂದ. ಬಾಗಿಲಲ್ಲಿ ನಿಂತು ನಕ್ಕ. ಬಲಗೈ ಜಾಕೆಟ್ಟಿನ ಜೇಬಿನಲ್ಲಿತ್ತು. ಎಡಗೈಯಿಂದ ಅವಳ ತಲೆ ಸವರಿದ, ಎಡಗೈಯಿಂದ ನೀರು ಕುಡಿದ, ಎಡಗೈಯಿಂದ ಬೂಟಿನ ದಾರ ಎಳೆಯಲು ಹೋಗಿ ಸೋತ.

“ಆ ಕೈ ತೆಗೀರಿ,” ಅಂದಳು.

“ಚಳಿ ಕಣೇ.”

“ತೆಗೀರಿ ಅಂದೆ.”

ಬಟ್ಟೆ ಬಿಚ್ಚುವಾಗ ಕೊನೆಯ ಸುತ್ತು ಗಾಯಕ್ಕೆ ಅಂಟಿಕೊಂಡಿತ್ತು. ಬಿಸಿನೀರು ಹಾಕಿ ನೆನೆಸಿ ಎತ್ತಿದಳು. ಕಿರುಬೆರಳು, ಉಂಗುರದ ಬೆರಳು ಎರಡೂ ಕಪ್ಪಿಟ್ಟಿದ್ದವು, ಅಂಗೈ ಊದಿ ಹೊಳೆಯುತ್ತಿತ್ತು. ಆ ವಾಸನೆಗೆ ಅಡುಗೆಯವನು ಬಾಗಿಲು ಎಳೆದುಕೊಂಡು ಹೊರಗೆ ಹೋದ. ಇನ್ನೊಂದು ಮುಖವನ್ನು ಹುಡುಕಿಕೊಂಡು ಬಂದವಳಿಗೆ ಆಗ ಅನಿಸಿತು: ಅಯ್ಯೋ, ಇನ್ನೊಬ್ಬ ಹೆಂಗಸೇ ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಗಂಡ ಎಲ್ಲ ಹೇಳಿದ. ಲಿಫ್ಟಿನ ಬಾಗಿಲಿನ ಹಳಿ ಸರಿಮಾಡುವಾಗ ಬೆರಳು ಸಿಕ್ಕಿಕೊಂಡಿತ್ತು. ಸೂಪರ್‌ವೈಸರಿಗೆ ಬರೀ ತರಚುಗಾಯ ಅಂದಿದ್ದ. ಯಾವುದೋ ಗಲ್ಲಿಯ ಕ್ಲಿನಿಕ್ಕಿನಲ್ಲಿ ಹೊಲಿಗೆ ಹಾಕಿಸಿಕೊಂಡಿದ್ದ. ಮೇಲೆ ಹತ್ತಿ ಕೆಲಸ ಮಾಡಲಾರೆ ಎಂದು ಬೇಡಿಕೊಂಡು, ಅದೇ ಸಂಬಳಕ್ಕೆ ಸಾಮಾನಿನ ಸ್ಟೋರಿನಲ್ಲಿ ಕೂರುವ ಕೆಲಸ ಹಾಕಿಸಿಕೊಂಡಿದ್ದ.

“ಆಸ್ಪತ್ರೆಗೆ ಯಾಕೆ ಹೋಗ್ಲಿಲ್ಲ?”

“ಹೋದ್ರೆ ಅಡ್ಮಿಟ್ ಮಾಡ್ತಾರೆ. ಅಡ್ಮಿಟ್ ಆದ್ರೆ ಸಿಕ್ ಲೀವು. ಸಿಕ್ ಲೀವಲ್ಲಿ ಅರ್ಧ ಸಂಬಳ. ಅರ್ಧ ಸಂಬಳ ಬಿತ್ತು ಅಂದ್ರೆ ನಿನ್ನ ಅರ್ಜಿ ಬಿತ್ತು.” ಅವನು ಅವಳ ಕೈ ಹಿಡಿದುಕೊಂಡ, ಅವನ ಅಂಗೈ ಕಾದ ಕಾವಲಿಯಂತೆ ಸುಡುತ್ತಿತ್ತು. “ಇನ್ನೇನು ಬಂದೇಬಿಡುತ್ತೆ ಕಣೇ. ಬಂದ ದಿನವೇ ಆಸ್ಪತ್ರೆಗೆ ಹೋಗ್ತೀನಿ. ನಿನ್ನಾಣೆ. ಇಷ್ಟು ದಿನ ತಡ್ಕೊಂಡಿದೀನಿ, ಈಗ ಹಾಳು ಮಾಡ್ಬೇಡ.”

ಹಲ್ಲಕ್ಕ ಏನು ಮಾಡಿದಳು? ಒಪ್ಪಿದಳು. ಇದನ್ನು ಅವಳು ಆಮೇಲೆ ಯಾರಿಂದಲೂ ಬಚ್ಚಿಡಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಆಸೆ ಅವಳಿಗೂ ಇತ್ತು. ತಾನೇ ತೊಳೆದು, ಔಷಧಿ ಅಂಗಡಿಯಲ್ಲಿ ಕೇಳಿ ಮುಲಾಮು ತಂದು ಹಚ್ಚಿ, ಬಿಸಿ ಗಂಜಿ ಕುಡಿಸಿದರೆ ಸುಧಾರಿಸಬಹುದು ಅಂದುಕೊಂಡಳು. ಎರಡು ದಿನ ಹಾಗೆಯೇ ಕಳೆದಳು. ಅವನು ಬೆಳಿಗ್ಗೆ ಎದ್ದು ಮಾತ್ರೆ ನುಂಗಿ, ಅವಳಿಂದ ಗುಂಡಿ ಹಾಕಿಸಿಕೊಂಡು ಕೆಲಸಕ್ಕೆ ಹೊರಡುತ್ತಿದ್ದ. ಅವಳು ಏಜೆಂಟಿಗೆ ಫೋನು ಮಾಡುತ್ತಿದ್ದಳು. ಅವನು ಅದೇ ರಾಗದಲ್ಲಿ, “ಪರಿಶೀಲನೆಯಲ್ಲಿದೆ” ಅನ್ನುತ್ತಿದ್ದ.

ಮರುದಿನ ಅವನು ಊಟದ ಡಬ್ಬಿ ಮರೆತು ಹೋದ. ಅವಳು ಅದನ್ನು ಹಿಡಿದುಕೊಂಡು, ಅಡುಗೆಯವನು ಹೇಳಿದ ಬಸ್ಸು ಹತ್ತಿ, ಕಂಪನಿಯ ಸ್ಟೋರ್ ಹುಡುಕಿಕೊಂಡು ಹೋದಳು. ಎತ್ತರದ ಕಟ್ಟಡವೊಂದರ ನೆಲಮಾಳಿಗೆ. ಕಬ್ಬಿಣದ ಕಪಾಟುಗಳು, ಸುರುಳಿ ಸುತ್ತಿದ ತಂತಿಹಗ್ಗ, ಗ್ರೀಸಿನ ಡಬ್ಬಗಳು, ಜಾಳಿಗೆಯ ಹಿಂದೆ ಒಂದು ಕೌಂಟರು. ಕೆಲಸಗಾರರು ಬಂದು ಸಾಮಾನಿನ ಹೆಸರು ಕೂಗುತ್ತಿದ್ದರು. ಗಂಡ ಎಡಗೈಯಲ್ಲಿ ಒಂದೊಂದಾಗಿ ಎತ್ತಿ ಕೊಡುತ್ತಿದ್ದ. ಅವಳು ಕಂಬದ ಮರೆಯಲ್ಲಿ ನಿಂತು ನೋಡಿದಳು. ಯಾರೋ ರಾಟೆಯೊಂದನ್ನು ಕೇಳಿದರು. ಅದು ಒಂದು ಕೈಗೆ ಬಗ್ಗುವ ಭಾರವಲ್ಲ. ಅವನು ಸುತ್ತ ನೋಡಿ, ಬಲಗೈಯ ಮೊಣಕೈಯನ್ನು ಅದರಡಿಗೆ ಕೊಟ್ಟು ಎತ್ತಲು ಹೋದ. ರಾಟೆ ಜಾರಿ ಕೌಂಟರಿಗೆ ಬಡಿಯಿತು. ಜಾಕೆಟ್ಟಿನ ತೋಳಿನೊಳಗಿಂದ ಏನೋ ಒಸರಿ ಕೌಂಟರಿನ ಮೇಲೆ ತೊಟ್ಟಿಕ್ಕಿತು. ಅವನು ಅದನ್ನು ಬಟ್ಟೆಯಿಂದ ಒರೆಸಿ, ಮುಂದಿನವನಿಗೆ, “ನಿಮಗೇನು?” ಎಂದು ಕೇಳಿದ. ಮುಖ ಸುಣ್ಣದ ಹಾಗಿತ್ತು. ನಗುತ್ತಿದ್ದ.

ಹಲ್ಲಕ್ಕ ಡಬ್ಬಿಯನ್ನು ಅಲ್ಲೇ ನೆಲದ ಮೇಲಿಟ್ಟು ಕೌಂಟರಿನ ಹತ್ತಿರ ಹೋದಳು.

“ನಡೀರಿ. ಆಸ್ಪತ್ರೆಗೆ ಹೋಗೋಣ.”

“ಇಲ್ಲಿಗ್ಯಾಕೆ ಬಂದೆ ನೀನು? ಹೋಗು. ಸಂಜೆ ಮಾತಾಡೋಣ.”

“ಸಂಜೆ ಅಲ್ಲ, ಈಗ.”

“ಎಲ್ಲರೂ ನೋಡ್ತಿದ್ದಾರೆ ಕಣೇ. ಕಾಲಿಗೆ ಬೀಳ್ತೀನಿ, ಹೋಗು.”

ಮದುವೆಯಾದಾಗಿನಿಂದ ಅವನಿಗೆ ‘ನೀವು’ ಬಿಟ್ಟು ಮಾತಾಡದವಳು ಆಗ ಬಾಯಿಬಿಟ್ಟಳು: “ನಡಿಯೋ! ನಡಿ ಅಂದೆ! ನೀನು ಸತ್ತ ಮೇಲೆ ಆ ವೀಸಾ ತಗೊಂಡು ನಾನೇನು ನಿನ್ನ ಸಮಾಧಿ ನೋಡೋಕೆ ಬರ್ಲಾ?”

ಅಲ್ಲಿದ್ದವರಿಗೆ ಮಾತು ತಿಳಿಯಲಿಲ್ಲ, ದನಿ ತಿಳಿಯಿತು. ಸೂಪರ್‌ವೈಸರ್ ಓಡಿಬಂದ. ಅವಳು ಗಂಡನ ತೋಳು ಹಿಡಿದು ಜಾಕೆಟ್ಟು ಸರ್ರನೆ ಎಳೆದಳು. ಬಟ್ಟೆ, ಕೀವು, ಮೊಣಕೈಯವರೆಗೆ ಹತ್ತಿದ್ದ ಕೆಂಪು ಗೆರೆ ಎಲ್ಲ ಅವರೆದುರು ಬಂತು. ಸೂಪರ್‌ವೈಸರ್ ಬಾಯಿಗೆ ಕೈ ಅಡ್ಡ ಹಿಡಿದ. ಗಂಡ ಕುಸಿದು ಕೂತ. ಅವಳ ಕಡೆ ನೋಡಲಿಲ್ಲ.

ಆಸ್ಪತ್ರೆಯ ವೈದ್ಯೆ ಗೆರೆ ಎಲ್ಲಿಯವರೆಗೆ ಹತ್ತಿದೆಯೆಂದು ಪೆನ್ನಿನಿಂದ ಗುರುತು ಮಾಡಿದಳು. ಅಡುಗೆಯವನು ಕ್ಯಾಂಟೀನಿನ ಏಪ್ರನ್ನಿನಲ್ಲೇ ಓಡಿಬಂದಿದ್ದ. ಅವನೇ ಮಾತು ತಿರುಗಿಸಿ ಹೇಳಿದ. “ಎರಡು ಬೆರಳು ಹೋಗುತ್ತಂತೆ ಅತ್ತಿಗೆ. ಕೈ ಉಳಿಸೋಕೆ ನೋಡ್ತಾರಂತೆ. ಇನ್ನೂ ಸ್ವಲ್ಪ ತಡ ಆಗಿದ್ರೆ...”

“ಬೇರೆ ದಾರಿ ಇಲ್ವಾ ಕೇಳು.”

ಅವನು ಕೇಳಿದ. ವೈದ್ಯೆ ಹಲ್ಲಕ್ಕನ ಭುಜದ ಮೇಲೆ ಕೈಯಿಟ್ಟು ಇಲ್ಲವೆಂದು ತಲೆಯಾಡಿಸಿದಳು.

ಬೆರಳು ತೆಗೆದ ಮೇಲೆ ಗಂಡ ಗೋಡೆಯ ಕಡೆ ತಿರುಗಿ ಮಲಗಿದ. ಅವಳು ಚಮಚ ಹಿಡಿದರೆ ಬಾಯಿ ತೆರೆದ, ಮುಗಿದ ಮೇಲೆ ಮತ್ತೆ ಗೋಡೆ. ಒಮ್ಮೆ ಮಾತ್ರ ಆಡಿದ: “ಎಲ್ಲ ಮುಗೀತಲ್ಲ. ಸಮಾಧಾನ ಆಯ್ತಾ?” ಅವಳು ತಟ್ಟೆಯನ್ನು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ, ನಲ್ಲಿ ಪೂರಾ ತಿರುಗಿಸಿ, ಅದರ ಸದ್ದಿನಲ್ಲಿ ಅತ್ತಳು. ಹೊರಗೆ ಬಂದಾಗ ಪಕ್ಕದ ಮಂಚದ ಮುದುಕನೊಬ್ಬನನ್ನು ನೋಡಲು ಬಂದಿದ್ದವರು ಅವಳಿಗೆ ಕುರ್ಚಿ ಬಿಟ್ಟುಕೊಟ್ಟರು. ಯಾರೋ ಏನೆಂದೂ ಕೇಳದೆ ಒಂದು ಸೇಬು ಕೈಗಿಟ್ಟರು. ಅವಳು ಅದನ್ನು ಕಚ್ಚಲೂ ಆಗದೆ, ಇಡಲೂ ಆಗದೆ ಹಿಡಿದುಕೊಂಡೇ ಕೂತಳು.

ಕಂಪನಿ ಸಿಕ್ ಲೀವು ಬರೆಯಿತು. ಏಜೆಂಟ್ ಫೋನಿನಲ್ಲಿ ಕೂಗಾಡಿದ. “ಸುಮ್ನೆ ಇದ್ದಿದ್ರೆ ಆಗ್ತಿತ್ತಲ್ರೀ! ಈಗ ಹೊಸ ಸಂಬಳ ಚೀಟಿ ಕಳಿಸಿ ಅಂತಿದ್ದಾರೆ. ನಾನೇನು ಕಳಿಸ್ಲಿ?”

“ಇರೋದನ್ನೇ ಕಳಿಸಿ,” ಅಂದಳು. ಬೇರೆ ಮಾತು ಹೇಳುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ.

ಗಂಡ ಕೋಣೆಗೆ ಮರಳುವ ಹೊತ್ತಿಗೆ ಪಾಸ್‌ಪೋರ್ಟಿನಲ್ಲಿ ಗೆರೆ ಎಳೆದಿದ್ದ ತಾರೀಖು ಹತ್ತಿರಕ್ಕೆ ಬಂದಿತ್ತು. ಅವನಿಗೆ ಇನ್ನೂ ತಟ್ಟೆಯ ಅನ್ನ ಕಲಸಿಕೊಳ್ಳಲು ಬರುತ್ತಿರಲಿಲ್ಲ. ಅವಧಿ ಹೆಚ್ಚಿಸಿಕೊಡಿ ಎಂದು ಕೇಳಲು ಅಡುಗೆಯವನ ಜೊತೆ ಒಂದು ಕಚೇರಿಗೆ ಹೋದಳು. ಗಾಜಿನ ಹಿಂದಿನವನು ಅದನ್ನು ಬೇರೆ ಕಚೇರಿ ನೋಡುತ್ತದೆ ಎಂದ. ಬೇರೆ ಕಚೇರಿಯವರು, ಕೇಳಬಹುದು, ಆದರೆ ಉತ್ತರ ಬರುವುದರೊಳಗೆ ನಿಮ್ಮ ತಾರೀಖು ದಾಟುತ್ತದೆ, ಆಗ ಏನೆಂದು ನಮಗೆ ಗೊತ್ತಿಲ್ಲ ಎಂದರು. ಹೊರಗೆ ಮೆಟ್ಟಿಲ ಮೇಲೆ ಅಡುಗೆಯವನು ದನಿ ತಗ್ಗಿಸಿದ.

“ಅತ್ತಿಗೆ, ಒಂದು ಮಾತು. ಇದ್ದುಬಿಡಿ. ಎಷ್ಟೋ ಜನ ಹಾಗೇ ಇದಾರೆ. ನಿಮ್ಮ ಹಾಗೆ ಕೆಲಸ ಗೊತ್ತಿರೋರಿಗೆ ಯಾವುದೋ ಮೂಲೇಲಿ ಕೆಲಸ ಸಿಗುತ್ತೆ. ಯಾರು ಬಂದು ಕೇಳ್ತಾರೆ?”

ಅವಳಿಗೆ ಆಸೆಯಾಗಲಿಲ್ಲವೆಂದಲ್ಲ. ಅಂದು ಮಧ್ಯಾಹ್ನವೆಲ್ಲ ಅದನ್ನೇ ಮೆಲುಕು ಹಾಕಿದಳು. ಅತ್ತ ದರಿ, ಇತ್ತ ಪುಲಿ. ಉಳಿದರೆ ಇಬ್ಬರೂ ಬಾಗಿಲು ಬಡಿದ ಸದ್ದಿಗೆಲ್ಲ ಬೆಚ್ಚುತ್ತ ಬದುಕಬೇಕು. ಅವನ ಕೆಲಸಕ್ಕೂ ಸಂಚಕಾರ. ಹೋದರೆ ಒಂಟಿ ಕೈಯ ಈ ಮನುಷ್ಯನನ್ನು ಬೆಡ್‌ಶೀಟಿನ ಈಚೆ ಬಿಟ್ಟು ಹೋಗಬೇಕು. ಕೊನೆಗೆ ಗಂಡನನ್ನೇ ಕೇಳಿದಳು. “ಇರ್ಲಾ?”

ಅವನು ಅಂದ: “ಹೋಗು. ನನ್ನಿಂದ ನೀನು ಕಳ್ಳಿ ಅನ್ನಿಸ್ಕೋಬೇಡ.” ಅದರಲ್ಲಿ ಪ್ರೀತಿಯಿತ್ತೋ ಮುನಿಸಿತ್ತೋ ಅವಳಿಗೆ ತಿಳಿಯಲಿಲ್ಲ.

ಉಳಿದ ದಿನಗಳಲ್ಲಿ ಅವಳು ಅವನಿಗೆ ಪಾಠ ಹೇಳಿದಳು. ಅಂಗಿಯ ಗುಂಡಿಗಳನ್ನು ಕಿತ್ತು ಒತ್ತುವ ಬಟನ್ ಹೊಲಿದಳು. ಬೂಟಿನ ದಾರ ತೆಗೆದು ಎಲಾಸ್ಟಿಕ್ ಹಾಕಿದಳು. ತಟ್ಟೆ ಜಾರದ ಹಾಗೆ ಅಡಿಗೆ ಒದ್ದೆಬಟ್ಟೆ ಹಾಸುವುದನ್ನು ತೋರಿಸಿದಳು. ಅವನು ಶಾಲೆಗೆ ಹೊಸದಾಗಿ ಬಂದ ಮೊಂಡು ಮಗುವಿನ ಹಾಗೆ ಎಲ್ಲವನ್ನೂ ಮಾಡಿ, ಒಂದು ಮಾತೂ ಆಡಲಿಲ್ಲ. ಹೊರಡುವ ಬೆಳಿಗ್ಗೆ ಅವನು ಕೋಣೆಯ ಬಾಗಿಲವರೆಗೆ ಬಂದ. ಮೆಟ್ಟಿಲಿಳಿಯುತ್ತ ಅವಳು ತಿರುಗಿ ನೋಡಿದಾಗ ಬಾಗಿಲು ಮುಚ್ಚಿತ್ತು. ಅವಳು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಡುಗೆಯವನು ಪೆಟ್ಟಿಗೆ ಹೊತ್ತು ಕೆಳಗೆ ನಿಂತು, “ಅತ್ತಿಗೆ, ಬಸ್ಸು” ಅಂದ. ಸ್ವಲ್ಪ ತಡೆದು ಮತ್ತೆ ಅಂದ. ಎದ್ದಳು.

ಊರಿಗೆ ಬಂದ ಕೆಲವೇ ದಿನಗಳಲ್ಲಿ ಅರ್ಜಿ ತಿರಸ್ಕಾರವಾಯಿತು. ಏಜೆಂಟ್ ಈ ಸಲ ಪರದೆಯನ್ನು ಅವಳ ಕಡೆ ತಿರುಗಿಸಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ತಾಯಿ ಗೋಳಾಡಿದಳು. ಗಂಡನಿಗೆ ಸುದ್ದಿ ಹೇಳಿದಾಗ ಅವನು ಅಂದ: “ನೀನು ಆವತ್ತು ಬರದೇ ಇದ್ದಿದ್ರೆ, ಇಷ್ಟು ಹೊತ್ತಿಗೆ ವೀಸಾ ಸಿಕ್ಕಿ ಇಲ್ಲಿರ್ತಿದ್ದೆ ನೀನು.” ಆಮೇಲೆ ಫೋನು ಎತ್ತುವುದನ್ನೇ ಬಿಟ್ಟ.

ಆ ದಿನಗಳನ್ನು ಹಲ್ಲಕ್ಕ ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಕೆಲಸ ಮಾಡುತ್ತಿದ್ದಳು, ಉಣ್ಣುತ್ತಿದ್ದಳು, ಯಾರಾದರೂ ಮಾತಾಡಿಸಿದರೆ ತುಟಿ ಮಾತ್ರ ಅಲ್ಲಾಡುತ್ತಿತ್ತು. ಅಡುಗೆಯವನಿಂದ ಆಗೊಮ್ಮೆ ಈಗೊಮ್ಮೆ ಸುದ್ದಿ: ಅಣ್ಣ ಊಟ ಮಾಡಿದರು, ಅಣ್ಣ ಊಟ ಮಾಡಲಿಲ್ಲ. ಬೆರಳು ಕತ್ತರಿಸಿದವಳೆಂದೇ ಅವನು ತನ್ನನ್ನು ನೆನೆಯುತ್ತಿರಬಹುದೇ, ಹಾಗೆಯೇ ಮುದುಕನಾಗಿಬಿಡುತ್ತಾನೆಯೇ ಎಂದು ಮೇಣ ಕಾಯಿಸುತ್ತ ಕೂತವಳಿಗೆ ಅನಿಸಿ, ಎಷ್ಟೋ ಸಲ ಮೇಣ ಸುಟ್ಟು ಹೊಗೆಯಾಡಿತು.

ಒಂದು ದಿನ ಅತ್ತೆ ಮೆಟ್ಟಿಲು ಹತ್ತಿ ಅಂಗಡಿಗೆ ಬಂದಳು. ಏದುಸಿರು ಬಿಡುತ್ತ ಸ್ಟೂಲಿನ ಮೇಲೆ ಕೂತು, “ನನ್ನ ಮಗ ನಿನ್ನ ಹತ್ರ ಮಾತಾಡ್ತಿಲ್ವಂತೆ, ಹೌದಾ?” ಎಂದಳು. ಹಲ್ಲಕ್ಕ ತಲೆ ತಗ್ಗಿಸಿದಳು. ಬೈಗುಳಕ್ಕೆ ಸಿದ್ಧವಾಗಿದ್ದಳು.

ಅತ್ತೆ ತನ್ನ ಫೋನಿನಿಂದ ಮಗನಿಗೆ ಕರೆ ಮಾಡಿದಳು. ಅವನು ಎತ್ತಿದ. “ಏನೋ, ಎರಡು ಬೆರಳಿಗೆ ಹೆಂಡ್ತೀನ ಬಿಡ್ತೀಯೇನೋ? ಉಳಿದ ಮೂರು ಬೆರಳು ಯಾರ ದೆಸೆಯಿಂದ ಉಳೀತು? ಕೈ ಯಾರ ದೆಸೆಯಿಂದ? ನಾನು ಒಂದೇ ಮಗನ್ನ ಹೆತ್ತೋಳು. ಅವಳು ಬರದೇ ಇದ್ದಿದ್ರೆ ನನಗೆ ಪೆಟ್ಟಿಗೇಲಿ ಬರ್ತಿದ್ದೆ ನೀನು. ಈಗ ಮಾತಾಡು!” ಎಂದು ಫೋನನ್ನು ಸೊಸೆಯ ಕೈಗೆ ತುರುಕಿ, ಅಂಗಡಿಯ ಯಜಮಾನನ ಕಡೆ ತಿರುಗಿ, “ನೀವೇನ್ರೀ ನೋಡ್ತೀರಿ, ಆ ಕಡೆ ಹೋಗಿ” ಎಂದು ಅವನದೇ ಅಂಗಡಿಯಿಂದ ಅವನನ್ನು ಹೊರಡಿಸಿದಳು.

ಅವನ ಉಸಿರು ಕೇಳುತ್ತಿತ್ತು.

“ನಾನು ಸ್ಟೋರಲ್ಲಿ ಹಾಗೆಲ್ಲ ಕೂಗಬಾರದಿತ್ತು,” ಅಂದಳು ಅವಳು.

“ಕೂಗಿದ್ದು ಸರಿ. ನಂಗೆ ಒಪ್ಕೊಳ್ಳೋಕೆ ಆಗ್ಲಿಲ್ಲ. ನಿನ್ನ ಕರೆಸ್ಕೊಳ್ಳೋದೊಂದೇ ನಾನು ಮಾಡ್ಬೇಕಾಗಿದ್ದ ಕೆಲಸ. ಅದೂ ಆಗ್ಲಿಲ್ಲ.” ಆಮೇಲೆ ಅಂದ: “ಅಲ್ಲಾ, ನಿನ್ನ ಅಂಗಡೀಲಿ ಬೆರಳು ಮಾಡಲ್ವೇನೇ?”

“ಹಲ್ಲು ಮಾತ್ರ. ಬೇಕಾದ್ರೆ ಕೈಗೆ ಎರಡು ಹಲ್ಲು ಕೂರಿಸ್ತೀನಿ. ಸೂಪರ್‌ವೈಸರ್‌ನ ಕಚ್ಚಬಹುದು.”

ಅವನು ನಕ್ಕ. ನಗುತ್ತ ನಗುತ್ತ ಅತ್ತ. ಇತ್ತ ಅವಳೂ.

ಈಗ ಅವನಿಗೆ ಅದೇ ಕಂಪನಿಯಲ್ಲಿ ಬೇರೆ ಕೆಲಸ. ನಡುವೆ ನಿಂತುಹೋದ ಲಿಫ್ಟಿನೊಳಗೆ ಸಿಕ್ಕಿಕೊಂಡವರು ಗುಂಡಿ ಒತ್ತಿದರೆ ಕರೆ ಹೋಗುವುದು ಅವನಿಗೆ. ಮೆಕ್ಯಾನಿಕ್ ಹೋಗಿ ಬಾಗಿಲು ತೆರೆಯುವವರೆಗೆ ಅವನು ಅವರ ಜೊತೆ ಮಾತಾಡುತ್ತಿರಬೇಕು. ಹೆಡ್‌ಫೋನು ಹಾಕಿಕೊಂಡು ಎಡಗೈಯಲ್ಲಿ ಬರೆದುಕೊಳ್ಳುತ್ತಾನೆ. ಸಂಬಳ ಮೊದಲಿನ ಮಟ್ಟಕ್ಕೆ ಬರಲು ತಡವಾಯಿತು. ಬಂದ ಮೇಲೆ ಮತ್ತೊಂದು ಅರ್ಜಿ ಹಾಕಿದರು. ಹಿಂದೆ ಒಮ್ಮೆ ತಿರಸ್ಕಾರವಾದದ್ದು ಇದಕ್ಕೊಂದು ಕಪ್ಪು ಚುಕ್ಕೆ ಎಂದು ಏಜೆಂಟ್ ಹೇಳುತ್ತಾನೆ. ಹೇಳಿದ ತಾರೀಖಿಗೆ ಅವಳು ಮರಳಿ ಬಂದಿದ್ದು ಒಳ್ಳೆಯ ಅಂಶ ಎಂದೂ ಅವನೇ ಹೇಳುತ್ತಾನೆ. ಎರಡರಲ್ಲಿ ಯಾವುದು ತೂಗುತ್ತದೋ ಯಾರಿಗೂ ಗೊತ್ತಿಲ್ಲ. ಎರಡನೆಯ ವಿಸಿಟ್ ವೀಸಾ ಕೇಳಿದ್ದಳು, ಕೊಡಲಿಲ್ಲ.

ಮೊನ್ನೆ ಮಧ್ಯಾಹ್ನ ಅವಳು ಒಂದು ಕೆಳಸೆಟ್ಟು ಉಜ್ಜುತ್ತಿದ್ದಾಗ ಅವನ ಕರೆ ಬಂತು. ಮೋಟಾರು ನಿಲ್ಲಿಸಿ ಎತ್ತಿದಳು.

“ಇವತ್ತು ಒಬ್ಬಳು ಬಸುರಿ ಸಿಕ್ಕಿಬಿದ್ದಿದ್ಳು ಕಣೇ. ಒಂದೇ ಸಮ ಅಳು. ಇನ್ನೆಷ್ಟು ಹೊತ್ತು ಹೇಳಿ, ಇನ್ನೆಷ್ಟು ಹೊತ್ತು ಹೇಳಿ ಅಂತ. ನಂಗೂ ಗೊತ್ತಿಲ್ಲ, ಏನಂತ ಹೇಳ್ಲಿ? ಸುಳ್ಳು ಹೇಳೋ ಹಾಗಿಲ್ಲ ನಮಗೆ.”

“ಏನಂದ್ರಿ?”

“ಗೊತ್ತಿಲ್ಲಮ್ಮ, ಆದ್ರೆ ನಾನು ಫೋನು ಇಡಲ್ಲ ಅಂದೆ.”

“ಆಮೇಲೆ?”

“ಅಳ್ತಾನೇ ಇದ್ಳು. ಬಾಗಿಲು ತೆಗೆಯೋವರೆಗೂ ಇಬ್ರೂ ಹಾಗೇ ಇದ್ವಿ.”

“ಊಟ ಆಯ್ತಾ?” ಎಂದು ಕೇಳಿದಳು ಹಲ್ಲಕ್ಕ. ಆಗಿಲ್ಲ ಅಂದ. ಮೊದಲು ಊಟ ಮಾಡಿ ಅಂದಳು. ಆ ಕಡೆ ಡಬ್ಬಿಯ ಮುಚ್ಚಳ ತೆರೆಯಲು ಅವನು ಒದ್ದಾಡುವ ಸದ್ದು ಕೇಳುತ್ತಿತ್ತು. ಅದು ತೆರೆಯುವವರೆಗೂ ಅವಳು ಫೋನನ್ನು ಕಿವಿಗೆ ಒತ್ತಿಕೊಂಡೇ ಕೂತಿದ್ದಳು.